ಒಂದೂವರೆ ಇಂಚು

ಪ್ರೀತಿಯ ಪುಟ್ಟಿಗೆ,

ಅಳಿಯಂದಿರ ಮುರಿದ ಕಾಲು ನೆಲಕ್ಕೆ ಊರುವಂತಾಯಿತೇ? ಮಗು ಚಿನ್ನಾರಿಯ ಕೆಮ್ಮು ನಿಂತಿತೇ? ನೀನು ಹೇಗಿದ್ದೀಯ ಎಂದು ಕೇಳಲು ನನಗೆ ನಾಚಿಕೆ.

ನಿನ್ನ ಕೆಲಸದ ಕೋಟನ್ನು ಸೊಂಟದಲ್ಲಿ ಒಂದೂವರೆ ಇಂಚು ಬಿಗಿಯಾಗಿ ಹೊಲಿದದ್ದು ಬೇಕೆಂದೇ. ಅದು ಹಿಡಿಸಲೆಂದಾದರೂ ನೀನು ಸಣ್ಣಗಾಗುತ್ತೀಯ ಎಂದುಕೊಂಡಿದ್ದೆ. ಅಳತೆ ತೆಗೆಯುವಾಗ "ಏನಮ್ಮಾ, ನನ್ನ ಟೇಪೇ ಸಾಲ್ತಿಲ್ವಲ್ಲ!" ಎಂದು ನಕ್ಕೆ. ನೀನೂ ನಕ್ಕೆ. ಅಂದಿನಿಂದ ನೀನು ಒಂದೇ ಹೊತ್ತು ಉಣ್ಣುತ್ತಿದ್ದೀಯೆಂದು ನಿನ್ನಮ್ಮ ಹೇಳಿದಾಗ ನನ್ನ ತಪ್ಪು ತಿಳಿಯಿತು.

ನನ್ನ ಹೊಲಿಗೆ ಅಂಗಡಿಗೆ ಬಂದ ಡಾಕ್ಟರಮ್ಮನನ್ನು, ನೀನು ದಪ್ಪಗಾದದ್ದೇಕೆ ಎಂದು ಕೇಳಿದೆ. "ತಿಂಗಳುಗಟ್ಟಲೆ ಆತಂಕದಲ್ಲೇ ಇದ್ರೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಏರುತ್ತೆ, ಯಜಮಾನ್ರೇ. ನಿದ್ದೆ, ಹಸಿವು ಎರಡೂ ಕೆಡುತ್ತೆ. ಕೊಬ್ಬು ಹೊಟ್ಟೆ ಸುತ್ತ ಸೇರ್ಕೊಳ್ಳುತ್ತೆ, ರಕ್ತದಲ್ಲಿ ಸಕ್ಕರೆನೂ ಏರಬಹುದು. ಪರೀಕ್ಷೆ ಮಾಡಿಸಿ. ಆಡಿಕೊಂಡ್ರೆ ತೂಕ ಇಳಿಯಲ್ಲ," ಎಂದರು.

ಮನೆ, ಆಸ್ಪತ್ರೆ, ಕೆಲಸ ಎಂದು ನೀನೊಬ್ಬಳೇ ಓಡಾಡುತ್ತಿದ್ದೆ. ನಲವತ್ತು ವರ್ಷ ಸೊಂಟ ಅಳೆದ ನನಗೆ ಅದು ಕಾಣಲಿಲ್ಲ, ಮಗಳೇ.

ಕೋಟಿನ ಹೊಲಿಗೆಯೊಳಗೆ ಬಟ್ಟೆ ಉಳಿಸಿದ್ದೇನೆ, ಬಿಚ್ಚಿ ಸಡಿಲ ಮಾಡಬಹುದು. ಭಾನುವಾರ ನಾನೇ ಬರುತ್ತೇನೆ. ಅಡುಗೆ, ಅಳಿಯಂದಿರು, ಮಗು ಎಲ್ಲ ನನಗಿರಲಿ. ನೀನು ಹೊಟ್ಟೆ ತುಂಬ ಉಂಡು ಮಲಗು. ಕತ್ತರಿ ತರುತ್ತೇನೆ, ಟೇಪು ತರುವುದಿಲ್ಲ.

ಬರಲೇ? ಎರಡು ಸಾಲು ಬೇಗ ಬರೆ.

ನಿನ್ನ
ದೊಡ್ಡಪ್ಪ