ಬಂಗಲೆ ಗೋಡೆಯ ಮೇಲೆ ಅಮ್ಮ

ನಿರ್ದೇಶಕ ಮಹಾಶಯನಾದ ನನ್ನ ತಮ್ಮನಿಗೆ,

ನಿನ್ನ ದೆವ್ವದ ಸಿನಿಮಾ ನೋಡಿದೆವು. ನೀನು ಚಿಕ್ಕವನಿದ್ದಾಗ, ಈಗ ಸಿನಿಮಾ ಮಾಡಿದ್ದೀಯಲ್ಲ, ಆ ಹಳೇ ಕಾದಂಬರಿಯನ್ನು ನಾನು ಓದಿ ಹೇಳುತ್ತಿದ್ದರೆ ಹೆದರಿ ನನ್ನ ಕೈ ಬಿಡುತ್ತಿರಲಿಲ್ಲ. ಅದರಲ್ಲಿ ದೆವ್ವ ಕಾಣಿಸುವುದೇ ಕೊನೆಗೆ. ನಿನ್ನದೋ, ಟೈಟಲ್ ಮುಗಿಯುವ ಮೊದಲೇ ಕೈಗಡಿಯಾರ ಕಟ್ಟಿಕೊಂಡು ಬಂದು ನಿಂತಿತು. ಕಲ್ಲಿನ ಬಂಗಲೆ ಅಂತ ಥರ್ಮೋಕೋಲ್ ನಿಲ್ಲಿಸಿದ್ದೀಯ. ನಾಯಕಿ ಒರಗಿದ್ದೇ ತಡ, ಗೋಡೆ ವಾಲಿತು. ಪಾಪ, ದೆವ್ವವೇ ಓಡಿಬಂದು ಹಿಡಿದುಕೊಂಡಿತು. ಜನ ಬಿದ್ದು ಬಿದ್ದು ನಕ್ಕರು.

ಅದೂ ಹೋಗಲಿ. ಒಡೆದ ಗಾಜು ಬದಲಾಯಿಸಿಕೊಂಡು ಬರುತ್ತೇನೆ ಅಂತ ಒಯ್ದ ಅಮ್ಮನ ಫೋಟೋ ಆ ಗೋಡೆಯ ಮೇಲೆ ನೇತಾಡುತ್ತಿತ್ತಲ್ಲೋ! ಬಂಗಲೆಯ ಸತ್ತ ಯಜಮಾನಿಯಂತೆ. ಕಣ್ಣಿಗೆ ಕೆಂಪು ಬಣ್ಣ ಬೇರೆ ಬಳಿದಿದ್ದೀಯ. ಊರಲ್ಲಿ ಬೇರೆ ಮುಖವೇ ಸಿಗಲಿಲ್ಲವೇನೋ ನಿನಗೆ? ನಾಚಿಕೆ ಅನ್ನುವುದು ಇದೆಯಾ?

ಅಪ್ಪ ಸಿಟ್ಟಾಗಿ ಎದ್ದು ಹೊರಡುತ್ತಾರೆ ಅಂದುಕೊಂಡೆ. ಕೂತೇ ಇದ್ದರು. ಮರುದಿನ ಒಬ್ಬರೇ ಹೋಗಿ ನೋಡಿದರು, ಇವತ್ತೂ ಹೋಗಿದ್ದಾರೆ. ಅಮ್ಮನನ್ನು ಅಷ್ಟು ದೊಡ್ಡದಾಗಿ ಯಾವತ್ತೂ ನೋಡಿರಲಿಲ್ಲವಂತೆ.

ಈ ದರಿದ್ರ ಸಿನಿಮಾ ವಾರ ದಾಟುವುದಿಲ್ಲ. ಥಿಯೇಟರಿನವರು ಎತ್ತಂಗಡಿ ಮಾಡುವ ಮೊದಲು ಅಮ್ಮ ಬರುವ ಆ ಒಂದು ತುಣುಕನ್ನು ಅಪ್ಪನಿಗೆ ಕಳಿಸು. ಫೋಟೋನೂ ವಾಪಸ್ ತಂದುಕೊಡು. ಕಣ್ಣಿನ ಬಣ್ಣ ಒರೆಸುವುದು ಬೇಡವಂತೆ. ನಿನ್ನನ್ನು ಬೈಯುವಾಗ ಅವಳು ಥೇಟ್ ಹಾಗೇ ಇರುತ್ತಿದ್ದಳು ಅಂತಾರೆ ಅಪ್ಪ.

ನಿನ್ನ ಅಕ್ಕ