ಹರಳಿಲ್ಲದ ಬಿಲ

ಹಿಡಕಲ್ ಬಾಜೂದ ಗುಡ್ಡ

ಅಕ್ಕಾ,

ಇಲ್ಲಿ ಫೋನ್ ಹತ್ತುವುದಿಲ್ಲ, ಅದಕ್ಕೇ ಈ ಕಾರ್ಡು. ಕಾಲೇಜಿನಿಂದ ಇಲಿ ಎಣಿಕೆಗೆ ಬಂದು, ಕುರಿ ಕಾಯುವ ಯಲ್ಲಕ್ಕನ ಹಟ್ಟಿಯ ಪಕ್ಕ ಗುಡಾರ ಹಾಕಿದ್ದೇನೆ. ನಮ್ಮ ಹಿಟ್ಟಿನ ಡಬ್ಬಿಯ ಹಿಂದೆ ಓಡಾಡುವ ಮನೆ ಇಲಿ ಜಗತ್ತಿನಲ್ಲೆಲ್ಲ ಇದೆ. ಮೈ ಮೆತ್ತಗೆ, ಬಾಲ ಉದ್ದ. ಈ ಗರಸು ನೆಲದ ಇಲಿ ದಕ್ಷಿಣದ ಕಡೆಯದು ಮಾತ್ರ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಆದರೆ ಬಾಲ ಗಿಡ್ಡ, ಬೆನ್ನು ಸವರಿದರೆ ಕೂದಲು ಮುಳ್ಳಿನಂತೆ ಚುಚ್ಚುತ್ತದೆ. ಬಿಲದ ಬಾಯಿಗೆ ಸಣ್ಣ ಹರಳು ತಂದು ಜೋಡಿಸುತ್ತದೆ.

ನಿನ್ನೆ ಆ ಹರಳುಗಳನ್ನು ತೂಗಿ ನೋಡಲೆಂದು ಇಲ್ಲಿ ಹರಳಿದ್ದ ಹನ್ನೊಂದು ಬಿಲಗಳಿಂದಲೂ ಬಾಚಿಕೊಂಡು ಬಂದೆ. ಯಲ್ಲಕ್ಕನ ಮುಖ ಕಪ್ಪಿಟ್ಟಿತು.

"ಏನ ಮಾಡಿಬಿಟ್ಟಿ ಯವ್ವಾ! ಹರಳ ಇದ್ರ ಒಳಗ ಇಲಿ ಐತಿ ಅಂತ ತಿಳದ, ನಾವು ಬಾಜೂಕ ಕುರಿಮರಿ ಕಟ್ಟತೇವಿ. ಹರಳ ಇಲ್ಲದ ಬಿಲದಾಗ ಹುಳ ಇರತೈತಿ. ಈಗ ಯಾವದು ಯಾವದಂತ ಹೆಂಗ ತಿಳಿಬೇಕ?"

ನಮ್ಮಲ್ಲಿಯ ಹಾಗೆ ಇಲ್ಲಿಯೂ ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತಾರೆ. ಮರಿಗಳನ್ನೆಲ್ಲ ಎತ್ತಿಕೊಂಡು ಬಂಡೆಯ ಮೇಲೆ ಕೂತೇ ಬೆಳಗು ಮಾಡಿದೆವು.

ಹುಕ್ಕೇರಿ ಬಸ್ಸಿನಲ್ಲಿ ಅಪ್ಪನ ಗಂಬೂಟು ಕಳಿಸು, ಮರೆಯಬೇಡ.

ಈಗ ನೋಡಿದರೆ ಹತ್ತು ಬಿಲಗಳ ಇಲಿಗಳು ಹರಳು ತಂದು ಮತ್ತೆ ಜೋಡಿಸಿವೆ. ಹನ್ನೊಂದನೆಯ ಬಿಲ ಹಾಗೇ ಬಾಯಿ ತೆರೆದುಕೊಂಡಿದೆ. ಅದು ನನ್ನ ಗುಡಾರದೊಳಗೆ, ತಲೆದಿಂಬಿನ ಹತ್ತಿರ ಇದೆ. ಯಲ್ಲಕ್ಕ ಕೋಲು ಹಿಡಿದು ಕರೆಯುತ್ತಿದ್ದಾಳೆ.

ಸುವರ್ಣಾ