ಬಾಗಿಲು ದಾಟಿಸಿದ ಊತ

ಜೂನ್ ೧೪, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಬಾಯಿಬಡುಕಿಗೆ,

ನೀನು, ಅಳಿಯಂದಿರು, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಒಂದು ಪತ್ರಕ್ಕೂ ನಾನು ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿದ್ದರೆ ಇದನ್ನು ಓದಿ ಮುಗಿಸುವವರೆಗೆ ಪಕ್ಕಕ್ಕಿಡು, ಆಮೇಲೆ ಬೇಕಾದಷ್ಟು ಬೈಯುವೆಯಂತೆ. ಮಗುವಿಗೆ ಕೆಳಗೊಂದು ಹಲ್ಲು ಮೂಡಿದೆ, ನೋಡಲು ಯಾವಾಗ ಬರುತ್ತೀಯ ಎಂದು ಕೇಳುತ್ತಲೇ ಇದ್ದೀಯ. ಇಲ್ಲಿಯೂ ಹಲ್ಲಿನದೇ ಸಮಾಚಾರ. ಈಗ ಹುಷಾರಾಗಿದ್ದೇನೆ, ಅದನ್ನು ಮೊದಲೇ ಹೇಳದಿದ್ದರೆ ನೀನು ನೇರ ಕೊನೆಯ ಸಾಲಿಗೆ ಹಾರುವವಳು.

ನನ್ನ ಮೇಲಿನ ಮುಂದಿನ ಹಲ್ಲೊಂದು ಮೂಲೆ ಮುರಿದು ಕಪ್ಪಾಗಿತ್ತಲ್ಲ, ಅದರ ಕಥೆ ಇದು. ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಒಂದು ಸಾಲಿಗೆ ಒಂದೇ ಕತ್ತರಿ. ಅದು ಕೈಗೆ ಬರುವವರೆಗೆ ಕಾಯುತ್ತಾ ಕೂತರೆ ಕಾಲರ್ ಮುಗಿಯುವುದಿಲ್ಲ, ಹಾಗಾಗಿ ಎಲ್ಲರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತೇವೆ. ಬೇಸಿಗೆಯಲ್ಲಿ ಆ ಹಲ್ಲು ನೋಯತೊಡಗಿದಾಗ ಸರ್ಕಾರಿ ದಂತ ಆಸ್ಪತ್ರೆಗೆ ಹೋದೆ. ಅಲ್ಲಿ ನರ್ಸ್ ಒಬ್ಬಳು ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಮುಖ ನೋಡುತ್ತಾಳೆ. ಊದಿದವರು ಆ ಕ್ಷಣವೇ ಒಳಗೆ. ಉಳಿದವರಿಗೆ ಗುಳಿಗೆ ಮತ್ತು ಒಂದು ತಾರೀಕು. ನನಗೆ ಸಿಕ್ಕಿದ್ದು ಬರುವ ವರ್ಷದ ತಾರೀಕು.

"ಹಲ್ಲು ಉಳಿಯುತ್ತಾ?" ಎಂದು ಕೇಳಿದೆ.

"ಉಳಿಯುತ್ತಮ್ಮಾ. ಬೇರು ಕ್ಲೀನ್ ಮಾಡಿ ಮೇಲೆ ಟೋಪಿ ಹಾಕ್ತಾರೆ, ಎಲ್ಲಾ ಉಚಿತಾನೇ. ಆದ್ರೆ ನಿಮ್ಮ ಸರದಿ ಬರ್ಬೇಕಲ್ಲ," ಎಂದಳು. ಅವಳನ್ನು ಬೈದು ಏನು ಬಂತು! ಒಳಗಿದ್ದ ಕುರ್ಚಿಗಳೇ ಬೆರಳೆಣಿಕೆ, ಅದರಲ್ಲೂ ಒಂದು ಕೆಟ್ಟು ಬಟ್ಟೆ ಹೊದ್ದುಕೊಂಡು ಕೂತಿತ್ತು.

ಕಾರ್ಖಾನೆಯಲ್ಲಿ ನನ್ನ ಪಕ್ಕ ಕೂರುವ ಗುಂಡಿ ಅಕ್ಕ, ಅದೇ ಅಂಗಿಗಳಿಗೆ ಗುಂಡಿ ಹಾಕುವವಳು, ಗುಳಿಗೆ ನೋಡಿ ನಕ್ಕುಬಿಟ್ಟಳು. "ಅಯ್ಯೋ ಪೆದ್ದಿ, ಇದನ್ನ ನುಂಗಿದ್ರೆ ಊತಾನೇ ಬರಲ್ಲ. ಊತ ಇಲ್ಲಾಂದ್ರೆ ಬಾಗಿಲಿಂದ್ಲೇ ವಾಪಸ್. ನಮ್ಮಲ್ಲಿ ಒಳಗೆ ಹೋಗಿ ಬಂದೋರೆಲ್ಲ ಊದಿಸ್ಕೊಂಡೇ ಹೋಗಿದ್ದು ಕಣೆ." ಅದು ನಿಜವೂ ಹೌದು. ನಾನು ಗುಳಿಗೆಗಳನ್ನು ಹಾಗೆಯೇ ಮನೆಯ ಗುಂಡಿ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ನೋವು ಜೋರಾದಾಗ ಊತ ಬೇಗ ಬರಲಿ ಎಂದು ಬಟ್ಟೆ ಬಿಸಿ ಮಾಡಿ ಶಾಖವನ್ನೂ ಕೊಟ್ಟುಕೊಂಡೆ. ತುಟಿ ಸ್ವಲ್ಪ ಉಬ್ಬಿತು. ಕನ್ನಡಿಯಲ್ಲಿ ನೋಡಿ, ಇಷ್ಟು ಸಾಲದು, ಇವತ್ತು ಹೋದರೆ ವಾಪಸ್ ಕಳಿಸುತ್ತಾರೆ ಎಂದು ಇನ್ನೊಂದು ದಿನ ತಡೆದೆ. ಬುದ್ಧಿಗೆ ಏನು ಮಂಕು ಕವಿದಿತ್ತೋ.

ಮರುದಿನ ಬೆಳಿಗ್ಗೆ ಎದ್ದರೆ ಬಲಗಣ್ಣು ತೆರೆಯಲೇ ಇಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು. ನಿನ್ನಪ್ಪ ಗಾಬರಿಯಲ್ಲಿ ಅಂಗಿ ಎಳೆದುಕೊಂಡಾಗ ಗುಂಡಿ ಕಿತ್ತುಬಂತು, ಪಿನ್ನು ಹುಡುಕಲು ಆ ಡಬ್ಬಿಯನ್ನೇ ತೆಗೆದರು.

"ಏನಿದು? ಒಂದೂ ನುಂಗಿಲ್ವಾ? ತಲೆ ಕೆಟ್ಟಿದ್ಯಾ ನಿನಗೆ?"

ಅವರು ಹಾಗೆ ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ. ಸಾಮಾನು ಸಾಗಿಸುವ ತಮ್ಮ ಗಾಡಿಯಲ್ಲೇ ಪೆಟ್ಟಿಗೆಗಳ ನಡುವೆ ನನ್ನನ್ನು ಕೂರಿಸಿದರು. ಗಾಡಿ ಕುಲುಕಿದಾಗೆಲ್ಲ ತಲೆ ಸಿಡಿಯುತ್ತಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ನನ್ನ ಕಥೆ ಮುಗಿಯುತ್ತದೆ ಎಂದೇ ಅನ್ನಿಸಿ, ನಿನ್ನ ಮಗುವಿನ ಮುಖ ನೋಡದೆ ಹೋಗುತ್ತೇನಲ್ಲ ಎಂದು ಅತ್ತೆ.

ನರ್ಸ್ ನನ್ನನ್ನು ಕಂಡವಳೇ, "ದಾರಿ ಬಿಡ್ರಿ, ದಾರಿ ಬಿಡ್ರಿ!" ಎಂದಳು. ಕೆನ್ನೆಗೆ ಕೈಕೊಟ್ಟು ನಿಂತಿದ್ದ ಒಬ್ಬ ನನ್ನ ಮುಖವನ್ನು ಹೊಟ್ಟೆಕಿಚ್ಚಿನಿಂದ ನೋಡಿದ. ಸುಳ್ಳು ಯಾಕೆ ಹೇಳಲಿ, ಆ ಜ್ವರದಲ್ಲೂ ಒಂದು ಗಳಿಗೆ ಗೆದ್ದೆ ಅನ್ನಿಸಿತು.

ಡಾಕ್ಟರ್ ನಿನ್ನ ವಯಸ್ಸಿನವಳು. ಒಸಡು ಒತ್ತಿದ್ದೇ ತಡ, ನನ್ನ ಪ್ರಾಣ ಬಾಯಿಗೆ ಬಂತು.

"ಗುಳಿಗೆ ಕೊಟ್ಟಿದ್ರಲ್ಲ, ಯಾಕೆ ತಗೊಂಡಿಲ್ಲ?"

"ತಗೊಂಡಿದ್ರೆ ಇವತ್ತು ನಿಮ್ಮ ಮುಂದೆ ಕೂತಿರ್ತಿದ್ನಾ?"

ಅವಳು ದೀಪವನ್ನು ನನ್ನ ಕಣ್ಣಿನ ಕಡೆ ತಿರುಗಿಸಿ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು: "ಕೀವು ಕಣ್ಣಿನ ಕಡೆಗೆ ಏರ್ತಿದೆ ಅಮ್ಮಾ. ಇನ್ನೂ ಮೇಲೆ ಹೋದ್ರೆ ಜೀವಕ್ಕೇ ಅಪಾಯ. ಪಕ್ಕದ ಹಲ್ಲೂ ಅಲ್ಲಾಡ್ತಿದೆ. ಎರಡನ್ನೂ ಈಗಲೇ ತೆಗೀಬೇಕು."

"ಎರಡೂನಾ? ಕೀವು ಮಾತ್ರ ತೆಗೀರಿ. ಹಲ್ಲು ಬಿಟ್ಬಿಡಿ. ಅದನ್ನ ಉಳಿಸ್ಕೊಳ್ಳೋಕೇ ನಾನು ಬಂದಿದ್ದು."

"ಊತ ಬರೋಕೆ ಮುಂಚೆ ನಿಮ್ಮನ್ನ ಈ ಕುರ್ಚೀಲಿ ಕೂರಿಸಿದ್ದಿದ್ರೆ ಉಳಿಸ್ತಿದ್ದೆ," ಎಂದು ಅವಳು ಬಾಗಿಲ ಕಡೆ ನೋಡಿದಳು.

ನಾನು ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಅವಳು ಎಷ್ಟು ಹೇಳಿದರೂ ತೆರೆಯಲಿಲ್ಲ. ಜೀವಕ್ಕಿಂತ ಹಲ್ಲು ಹೆಚ್ಚೇ ಎಂದು ನೀನು ಕೇಳುತ್ತೀಯ, ಅವಳೂ ಕೇಳಿದಳು. ಆಗ ನಿನ್ನಪ್ಪ ಹೊರಗಿನಿಂದ ನುಗ್ಗಿ ಬಂದು, ಇಡೀ ಓಣಿಗೆ ಕೇಳುವ ಹಾಗೆ, "ತೆಗೀರಿ ಡಾಕ್ಟ್ರೇ! ನನಗೆ ಹಲ್ಲು ಬೇಡ, ಇವಳು ಬೇಕು!" ಎಂದರು. ಇಷ್ಟು ವರ್ಷದ ಸಂಸಾರದಲ್ಲಿ ನಾಲ್ಕು ಜನರೆದುರು ಅವರು ಆಡಿದ ಒಂದೇ ಒಂದು ಪ್ರೀತಿಯ ಮಾತು, ಅದನ್ನೂ ಇಕ್ಕಳದ ಮುಂದೆ ಆಡಬೇಕಿತ್ತೇ! ನಾನು ಬಾಯಿ ತೆರೆದೆ.

ಜ್ವರ ಬಿಟ್ಟಿದೆ, ಕಣ್ಣೂ ತೆರೆದಿದೆ. ಮೃದುವಾದದ್ದು ತಿನ್ನುತ್ತಿದ್ದೇನೆ. ಕಟ್ಟಿಸುವ ಹಲ್ಲು ಉಚಿತದಲ್ಲಿ ಬರುವುದಿಲ್ಲವಂತೆ, ಆ ಮಾತು ಸದ್ಯಕ್ಕೆ ಮುಗಿಯಿತು. ಕಾರ್ಖಾನೆಯಲ್ಲಿ ಗುಂಡಿ ಅಕ್ಕ ನನ್ನ ಮುಖ ನೋಡಿ ಅತ್ತಳು, ಆಮೇಲೆ ತನ್ನ ದುಡ್ಡಲ್ಲೇ ಒಂದು ಪುಟ್ಟ ಕತ್ತರಿ ತಂದುಕೊಟ್ಟಳು. ಅವಳ ಮೇಲೆ ನನಗೆ ಕೋಪವಿಲ್ಲ.

ಮಗುವನ್ನು ತಣ್ಣನೆ ಗಾಳಿಗೆ ಒಡ್ಡಬೇಡ. ನಿನ್ನ ಮನೆ ಸದಾ ನಗುತ್ತಿರಲಿ, ನೀನು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡು.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ನಿನ್ನ ಮದುವೆಯ ಫೋಟೋ ನಮ್ಮ ಗೋಡೆಯ ಮೇಲಿದೆಯಲ್ಲ, ಅದರಲ್ಲಿ ಯಾಕೆ ಹಾಗೆ ತುಟಿ ಬಿಗಿದುಕೊಂಡಿದ್ದೀಯ ಎಂದು ನಿನ್ನಪ್ಪ ಈಗಲೂ ನನ್ನನ್ನು ಕೇಳುತ್ತಾರೆ. ನಾನು ಅವರಿಗೆ ಹೇಳಿಲ್ಲ. ಅವತ್ತು ನಾನು ನಗುತ್ತಿದ್ದೆ. ನೀನು ನಿಮ್ಮತ್ತೆಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯಲ್ಲಿ, "ಅಮ್ಮಾ, ಬಾಯಿ ಮುಚ್ಕೋ, ಹಲ್ಲು ಕಾಣುತ್ತೆ" ಎಂದೆ. ನಿನಗೆ ನೆನಪಿದೆಯೋ ಇಲ್ಲವೋ. ಆ ಕಪ್ಪು ಹಲ್ಲಿಗೆ ಬಿಳಿ ಟೋಪಿ ಹಾಕಿಸಿಕೊಂಡೇ ನಿನ್ನ ಮನೆಗೆ ಬರಬೇಕೆಂದು ಇಷ್ಟು ದಿನ ಕಾದೆ. ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಇಳಿದು ನಿನ್ನನ್ನು ಕಂಡ ಕೂಡಲೇ ನಾನು ನಗುತ್ತೇನೆ, ನನ್ನಿಂದ ತಡೆಯಲು ಆಗುವುದಿಲ್ಲ. ಪಕ್ಕದಲ್ಲಿ ಯಾರೇ ಇರಲಿ, ಈ ಸಲ ಸುಮ್ಮನಿರು ಮಗಳೇ.